‘ಗಾಡಿ ಹೊಡೀತೀರೇನ್ರಿ?’ — ಗುಳಿಗೆ ಕೊಡುವಾಗ ಕೇಳಬೇಕಾದ ಪ್ರಶ್ನೆ

ಮಾನ್ಯ ಸಂಪಾದಕರೇ,

ವಯಸ್ಸಾದವರು ವಾಹನ ಓಡಿಸುವ ಮಾತು ಬಂದಾಗಲೆಲ್ಲ ಚರ್ಚೆ ಕಣ್ಣು, ಕಿವಿ, ಮೊಣಕಾಲಿನ ಸುತ್ತಲೇ ಸುತ್ತುತ್ತದೆ. ಅವರ ಜೇಬಿನಲ್ಲಿರುವ ಗುಳಿಗೆ ಡಬ್ಬಿಯನ್ನು ಯಾರೂ ತೆರೆದು ನೋಡುವುದಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಭಾಗದಲ್ಲಿ ಅರವತ್ತು ದಾಟಿದವರು ಬೈಕು, ಎಕ್ಸೆಲ್ ಗಾಡಿ, ಕಾರು, ಟ್ರ್ಯಾಕ್ಟರ್ ಎಲ್ಲವನ್ನೂ ಓಡಿಸುತ್ತಾರೆ. ಹೊಲಕ್ಕೆ, ಸಂತೆಗೆ, ಬ್ಯಾಂಕಿಗೆ ಹೋಗಬೇಕು, ಮೊಮ್ಮಕ್ಕಳನ್ನು ಶಾಲೆಗೆ ಬಿಡಬೇಕು. ಅವರ ಕೈಯಿಂದ ಕೀಲಿ ಕಿತ್ತುಕೊಳ್ಳಿ ಎನ್ನಲು ನಾವು ಈ ಪತ್ರ ಬರೆಯುತ್ತಿಲ್ಲ. ಯಾವ ಗುಳಿಗೆ ನುಂಗಿದ ಮೇಲೆ ಎಷ್ಟು ತಾಸು ಗಾಡಿ ಮುಟ್ಟಬಾರದು ಎಂದು ಅವರಿಗೆ ಹೇಳುವವರೇ ಇಲ್ಲ. ಹೇಳಬೇಕಾದವರು ಚೀಟಿ ಬರೆಯುವ ವೈದ್ಯರು ಮತ್ತು ಔಷಧ ಅಂಗಡಿಯ ಕೌಂಟರಿನಲ್ಲಿ ನಿಂತಿರುವ ನಾವು.

ಒಂದು ಡಬ್ಬಿ ತೆರೆದೇ ನೋಡೋಣ. ಶುಗರ್, ಬಿಪಿ ಎರಡೂ ಇರುವ ಎಪ್ಪತ್ತರ ಆಸುಪಾಸಿನವರ ಡಬ್ಬಿ ಹೆಚ್ಚುಕಡಿಮೆ ಹೀಗಿರುತ್ತದೆ. ಬೆಳಗಿನ ಖಾನೆಯಲ್ಲಿ ಟೆಲ್ಮಿಸಾರ್ಟಾನ್ 40, ಅಮ್ಲೋಡಿಪಿನ್ 5, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಕೂಡಿದ ಗುಳಿಗೆ. ರಾತ್ರಿಯ ಖಾನೆಯಲ್ಲಿ ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ 10, ಅಂಗಾಲು ಉರಿಗೆ ಪ್ರಿಗಾಬಲಿನ್ 75, ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ 0.4, ನಿದ್ದೆಗೆ ಆಲ್‌ಪ್ರಾಜೋಲಾಮ್ 0.25. ಒಟ್ಟು ಏಳು. ಒಂದೊಂದನ್ನೂ ಬೇರೆ ಬೇರೆ ವೈದ್ಯರು ಬೇರೆ ಬೇರೆ ವರ್ಷ, ಸರಿಯಾದ ಕಾರಣಕ್ಕೇ ಬರೆದಿರುತ್ತಾರೆ. ಮಳೆಗಾಲದಲ್ಲಿ ಮೂಗು ಸೋರತೊಡಗಿದಾಗ ಚೀಟಿಯಿಲ್ಲದೆ ಎಂಟನೆಯದು ಬಂದು ಸೇರುತ್ತದೆ. ಈ ಎಂಟರಲ್ಲಿ ಗಾಡಿ ಓಡಿಸುವವರು ಮುಖ್ಯವಾಗಿ ಕಣ್ಣಿಡಬೇಕಾದವು ಐದು: ಗ್ಲಿಮೆಪಿರೈಡ್, ಪ್ರಿಗಾಬಲಿನ್, ಟ್ಯಾಮ್ಸುಲೋಸಿನ್, ಆಲ್‌ಪ್ರಾಜೋಲಾಮ್ ಮತ್ತು ಆ ನೆಗಡಿ ಗುಳಿಗೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ, ಅಟೊರ್ವಾಸ್ಟಾಟಿನ್, ಥೈರಾಯ್ಡ್ ಗುಳಿಗೆ, ಬೇರೇನೂ ಕೂಡದ ಬರೀ ಪ್ಯಾರಾಸಿಟಮಾಲ್ ಇವುಗಳಿಂದ ಗಾಡಿಗೆ ಸಾಮಾನ್ಯವಾಗಿ ತೊಡಕಿಲ್ಲ. ಎಲ್ಲ ಗುಳಿಗೆಗೂ ಹೆದರಬೇಕಿಲ್ಲ.

ನೆಗಡಿ ಗುಳಿಗೆಯಿಂದಲೇ ಶುರು ಮಾಡುತ್ತೇವೆ, ಏಕೆಂದರೆ ಅದನ್ನು ಔಷಧವೆಂದೇ ಯಾರೂ ಎಣಿಸುವುದಿಲ್ಲ. ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಕಂಪನಿಯ ಹೆಸರು, ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಳಗೇನಿದೆ ಎಂಬ ವಿವರ. ಬಹುತೇಕ ನೆಗಡಿ ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್, ಫಿನೈಲ್‌ಎಫ್ರಿನ್ ಜೊತೆ ಕ್ಲೋರ್‌ಫೆನಿರಮೈನ್ ಮ್ಯಾಲಿಯೇಟ್ 2 ಮಿಲಿಗ್ರಾಂ ಇರುತ್ತದೆ. ಮೂಗು ಒಣಗಿಸುವುದೂ ಇದೇ, ಮಿದುಳಿಗೆ ಇಳಿದು ಮಂಪರು ಕವಿಸುವುದೂ ಇದೇ. ಮೈಯಲ್ಲಿ ಅರ್ಧ ಕರಗಲು ವಯಸ್ಕರಿಗೇ 20 ತಾಸಿನ ಆಸುಪಾಸು ಬೇಕು. ದಿನಕ್ಕೆ ಮೂರು ಹೊತ್ತು ನುಂಗಿದರೆ ಹಿಂದಿನದು ಇಳಿಯುವ ಮೊದಲೇ ಮುಂದಿನದು ಏರಿರುತ್ತದೆ.

‘ನನಗೇನೂ ನಿದ್ದೆ ಬರಂಗಿಲ್ರಿ’ ಎನ್ನುವುದು ಕೌಂಟರಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ. ಇಲ್ಲೇ ಮೋಸವಿರುವುದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ವಾಹನ ಚಾಲನೆಯ ಸಿಮ್ಯುಲೇಟರಿನಲ್ಲಿ 40 ಚಾಲಕರನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇದೇ ಜಾತಿಯ ಡೈಫೆನ್‌ಹೈಡ್ರಮಿನ್ 50 ಮಿಲಿಗ್ರಾಂ ತೆಗೆದುಕೊಂಡವರ ಚಾಲನೆ ಮದ್ಯ ಕುಡಿದವರಿಗಿಂತ ಕೆಟ್ಟಿತ್ತು. ಆ ಮದ್ಯದ ಪ್ರಮಾಣವಾದರೂ ನಮ್ಮ ಕಾನೂನಿನ ಮಿತಿಗಿಂತ ಮೂರು ಪಟ್ಟು ಹೆಚ್ಚು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು: ತಮಗೆ ಎಷ್ಟು ಮಂಪರಿದೆ ಎಂದು ಅವರೇ ಹೇಳಿದ್ದಕ್ಕೂ ಅವರು ಎಷ್ಟು ಕೆಟ್ಟದಾಗಿ ಓಡಿಸಿದರು ಎಂಬುದಕ್ಕೂ ತಾಳೆಯಾಗಲಿಲ್ಲ. ಅವರೆಲ್ಲ 25ರಿಂದ 44 ವರ್ಷದವರು. ಎಪ್ಪತ್ತರ ಮೈ ಇನ್ನೆಷ್ಟು ತಡೆದೀತು? ಅದೇ ಅಧ್ಯಯನದಲ್ಲಿ ಫೆಕ್ಸೋಫೆನಡಿನ್ ಎಂಬ ಹೊಸ ಬಗೆಯ ಅಲರ್ಜಿ ಗುಳಿಗೆ ತೆಗೆದುಕೊಂಡವರು, ಒಳಗೆ ಔಷಧವೇ ಇಲ್ಲದ ಗುಳಿಗೆ ನುಂಗಿದವರಂತೆಯೇ ಓಡಿಸಿದರು. ಆದ್ದರಿಂದ ಅಲರ್ಜಿಯ ನೆಗಡಿ, ಸೀನು ಇದ್ದು ಗಾಡಿ ಓಡಿಸಲೇಬೇಕಾದವರು ಫೆಕ್ಸೋಫೆನಡಿನ್ ಅಥವಾ ಲೋರಾಟಡಿನ್ ಆದೀತೇ ಎಂದು ವೈದ್ಯರನ್ನು ಕೇಳಬೇಕು. ಸೆಟ್ರಿಜಿನ್ ಹಳೆಯವಕ್ಕಿಂತ ವಾಸಿ, ಆದರೂ ಕೆಲವರಿಗೆ ಮಂಪರು ತರುತ್ತದೆ. ರಾತ್ರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ನಿದ್ದೆ ಗುಳಿಗೆ. ರಾತ್ರಿ ನುಂಗಿದ್ದು ಬೆಳಗಾದ ಮೇಲೆ ಮುಗಿದೇಹೋಯಿತು ಎಂಬ ನಂಬಿಕೆ ಎಲ್ಲರಲ್ಲೂ ಇದೆ. ಲೆಕ್ಕ ಹಾಕಿ ನೋಡಿ. ಆಲ್‌ಪ್ರಾಜೋಲಾಮ್ ರಕ್ತದಲ್ಲಿ ಅರ್ಧಕ್ಕಿಳಿಯಲು ಪ್ರಾಯದವರಿಗೆ ಸುಮಾರು 11 ತಾಸು, ವೃದ್ಧರಿಗೆ ಸುಮಾರು 16 ತಾಸು ಹಿಡಿಯುತ್ತದೆ. ರಾತ್ರಿ 10ಕ್ಕೆ ನುಂಗಿದರೆ ಬೆಳಗಿನ 6ಕ್ಕೆ ಹತ್ತರಲ್ಲಿ ಏಳು ಪಾಲು ಇನ್ನೂ ಮೈಯಲ್ಲೇ ಇರುತ್ತದೆ. ಅರ್ಧವಾಗುವುದು ಮಧ್ಯಾಹ್ನ 2ಕ್ಕೆ. ಕ್ಲೋನಜೆಪಾಮ್ ಇನ್ನೂ ನಿಧಾನ, 30ರಿಂದ 40 ತಾಸು. ದಿನಾ ರಾತ್ರಿ ಒಂದರಂತೆ ನುಂಗಿದರೆ, 40 ತಾಸಿನ ಲೆಕ್ಕದಲ್ಲಿ, ವಾರ ಕಳೆಯುವಷ್ಟರಲ್ಲಿ ಮೈಯಲ್ಲಿ ಹತ್ತಿರ ಹತ್ತಿರ ಮೂರು ಗುಳಿಗೆಯಷ್ಟು ಕೂಡಿಬಿದ್ದಿರುತ್ತದೆ. ಜೋಲ್ಪಿಡೆಮ್ ಬೇಗ ಇಳಿಯುವಂಥದ್ದು. ಆದರೂ ಬೆಳಿಗ್ಗೆ ರಕ್ತದಲ್ಲಿ ಉಳಿದು ಚಾಲನೆ ಕೆಡಿಸುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಹೆಂಗಸರಿಗೆ 10 ಮಿಲಿಗ್ರಾಂ ಇದ್ದದ್ದನ್ನು 5ಕ್ಕೆ ಇಳಿಸಿತು. ವೃದ್ಧರಿಗೂ 5ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅದನ್ನು ನುಂಗಿದರೆ ಪೂರಾ 7ರಿಂದ 8 ತಾಸು ಮಲಗಲು ವ್ಯವಧಾನ ಇರಲೇಬೇಕು.

ನಮ್ಮ ಕಡೆ ಆ ವ್ಯವಧಾನ ಎಲ್ಲಿದೆ? ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ, 10 ಗಂಟೆಗೆ ಗುಳಿಗೆ ನುಂಗಿ ಮಲಗಿದ ಹಿರಿಯರು 2 ಗಂಟೆಗೆ ಎದ್ದು ಮೋಟರ್ ಚಾಲೂ ಮಾಡಲು ಎಕ್ಸೆಲ್ ಹತ್ತುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಗೋಕಾಕ, ಅಥಣಿ ಕಡೆಯ ರಸ್ತೆಗಳ ಮೇಲೆ ಎರಡು ಟ್ರೇಲರ್ ಜಗ್ಗುವ ಟ್ರ್ಯಾಕ್ಟರುಗಳು, ಎಷ್ಟೋ ಸಲ ಹಿಂದೆ ಕೆಂಪು ದೀಪವಿಲ್ಲದೆ, ರಿಫ್ಲೆಕ್ಟರ್ ಇಲ್ಲದೆ ನಿಂತಿರುತ್ತವೆ. ತಾಸಿಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಓಡುತ್ತದೆ, 60ರ ವೇಗದ್ದು ಹತ್ತಿರ ಹತ್ತಿರ 17 ಮೀಟರ್. ಬ್ರೇಕಿನ ಮೇಲೆ ಕಾಲಿಡುವುದು ಅರ್ಧ ಸೆಕೆಂಡ್ ತಡವಾದರೆ ಏನಾಗುತ್ತದೆಂದು ಓದುಗರೇ ಊಹಿಸಬಹುದು. ರಾತ್ರಿ ಪಾಳಿ ಇರುವ ವಾರ ನಿದ್ದೆ ಗುಳಿಗೆಯನ್ನು ಏನು ಮಾಡಬೇಕು ಎಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಆ ವಾರ ಮೋಟರಿಗೆ ಮನೆಯ ಬೇರೆಯವರು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು.

ಅದೇ ಗುಳಿಗೆ ಮಗನಿಗೆ ಏನೂ ಮಾಡದೆ ತಂದೆಗೆ ಮಾತ್ರ ಯಾಕೆ ಹೀಗೆ ಎಂದು ಕೇಳುವವರಿದ್ದಾರೆ. ವಯಸ್ಸಾದಂತೆ ಮೈಯಲ್ಲಿ ನೀರಿನ ಪಾಲು ಇಳಿದು ಕೊಬ್ಬಿನ ಪಾಲು ಏರುತ್ತದೆ. ಡಯಾಜೆಪಾಮ್‌ನಂಥ ಔಷಧ ಕೊಬ್ಬಿನಲ್ಲಿ ಅಡಗಿ ಕುಳಿತು ದಿನಗಟ್ಟಲೆ ಸೋರುತ್ತಿರುತ್ತದೆ. ಲಿವರ್ ಒಡೆದು ಹಾಕುವುದು ನಿಧಾನ, ಕಿಡ್ನಿ ಸೋಸುವುದು ನಿಧಾನ. ಸೊರಗಿದ ಮೈಯವರ ಕ್ರಿಯಾಟಿನಿನ್ (ಮಾಂಸಖಂಡದಲ್ಲಿ ಹುಟ್ಟಿ ಕಿಡ್ನಿಯಿಂದ ಹೊರಹೋಗುವ ಕಸ) ರಿಪೋರ್ಟಿನಲ್ಲಿ 1.1 ಎಂದು ನೋಡಿ ಕಿಡ್ನಿ ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಮಾಂಸಖಂಡವೇ ಕಡಿಮೆ ಇರುವವರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಹಾಗಾಗಿ ಆ ಅಂಕಿ ಮೋಸ ಮಾಡುತ್ತದೆ. ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜಿನ ಅಂಕಿ, ಎಷ್ಟಿದೆ ಎಂದು ಕೇಳಬೇಕು. ಪ್ರಿಗಾಬಲಿನ್, ಗ್ಯಾಬಾಪೆಂಟಿನ್ ಎರಡೂ ಹೆಚ್ಚುಕಡಿಮೆ ಹಾಗೇ ಕಿಡ್ನಿಯಿಂದಲೇ ಹೊರಹೋಗಬೇಕಾದವು. ಇಜಿಎಫ್‌ಆರ್ 60ಕ್ಕಿಂತ ಕೆಳಗಿದ್ದರೆ ಪ್ರಮಾಣವನ್ನೇ ತಗ್ಗಿಸಬೇಕಾಗುತ್ತದೆ. ಇವುಗಳ ಜೊತೆ ನಾರ್‌ಟ್ರಿಪ್ಟಿಲಿನ್ ಅಥವಾ ಅಮಿಟ್ರಿಪ್ಟಿಲಿನ್ ಕೂಡಿಸಿದ ಗುಳಿಗೆಗಳೂ ಇವೆ, ಅವುಗಳ ಮಂಪರು ದುಪ್ಪಟ್ಟು. ಸೊಂಟನೋವಿಗೆ ಬರೆಯುವ ಟ್ರಮಡಾಲ್, ಟೈಜಾನಿಡಿನ್ ಕೂಡ ಇದೇ ಸಾಲಿನವು.

ಶುಗರ್ ಗುಳಿಗೆಯ ತೊಂದರೆ ಬೇರೆ ಬಗೆಯದು. ಇಲ್ಲಿ ಮಂಪರು ಬರುವುದು ಗುಳಿಗೆಯಿಂದಲ್ಲ, ಸಕ್ಕರೆ ಇಳಿಯುವುದರಿಂದ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಮತ್ತು ಇನ್ಸುಲಿನ್ ನೀವು ಉಂಡಿರಲಿ ಬಿಡಲಿ ಸಕ್ಕರೆ ಇಳಿಸುತ್ತವೆ. ಏಕಾದಶಿ, ಶ್ರಾವಣ ಸೋಮವಾರ, ರಂಜಾನ್ ರೋಜಾ, ಮಧ್ಯಾಹ್ನ ಮೂರಾದರೂ ಪಂಕ್ತಿ ಏಳದ ಮದುವೆ ಊಟ, ಇವೇ ಅಪಾಯದ ದಿನಗಳು. ಬೆಳಿಗ್ಗೆ ಗುಳಿಗೆ ನುಂಗಿ, ಚಹಾ ಕುಡಿದು, ವಿಜಯಪುರದಿಂದ ಹೊರಟು ಕೊಲ್ಹಾರದ ಸೇತುವೆ ದಾಟಿ ಗದ್ದನಕೇರಿ ಕ್ರಾಸಿಗೆ ಬರುವಷ್ಟರಲ್ಲಿ ಸಕ್ಕರೆ 70ರ ಕೆಳಗೆ ಹೋಗಲು ಸಮಯ ಧಾರಾಳ ಸಾಕು. ಮೊದಲು ಬೆವರು, ಕೈ ನಡುಕ, ಎದೆಬಡಿತ. ಆಮೇಲೆ ಮಾತು ತೊದಲು, ದಾರಿ ತಪ್ಪುವುದು, ಬೋರ್ಡು ಓದಿದರೂ ಅರ್ಥವಾಗದಿರುವುದು. ಆ ಹೊತ್ತಿಗೆ ಗಾಡಿ ನಿಲ್ಲಿಸಬೇಕೆಂಬ ವಿವೇಕವೇ ಇರುವುದಿಲ್ಲ. ಬಿಪಿ, ಎದೆಬಡಿತಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ತೆಗೆದುಕೊಳ್ಳುವವರಿಗೆ ನಡುಕ, ಎದೆಬಡಿತ ಎರಡೂ ಮುಚ್ಚಿಹೋಗಿರುತ್ತವೆ. ಅವರಿಗೆ ಉಳಿಯುವ ಎಚ್ಚರಿಕೆ ಬೆವರೊಂದೇ. ಅದನ್ನು ಬಿಸಿಲಿನ ಬೆವರೆಂದು ತಿಳಿಯುವುದು ಸುಲಭ.

ಹೊರಡುವ ಮೊದಲು ಗ್ಲೂಕೋಮೀಟರಿನಲ್ಲಿ ನೋಡಿ. 90ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದೇ ಹೊರಡಿ. ಇನ್ಸುಲಿನ್ ತೆಗೆದುಕೊಳ್ಳುವವರು ದೂರದ ದಾರಿಯಲ್ಲಿ ಎರಡು ತಾಸಿಗೊಮ್ಮೆ ನೋಡಬೇಕೆಂಬುದು ಬ್ರಿಟನ್ನಿನ ಲೈಸೆನ್ಸ್ ನಿಯಮ, ನಮಗೂ ಒಪ್ಪುವಂಥದ್ದು. ದಾರಿಯಲ್ಲಿ ಸಕ್ಕರೆ ಇಳಿದರೆ ಗಾಡಿಯನ್ನು ಬದಿಗೆ ಹಾಕಿ, ಬಂದ್ ಮಾಡಿ, ಚಾಲಕನ ಸೀಟು ಬಿಟ್ಟು ಇಳಿಯಿರಿ. 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಸಣ್ಣ ಚಮಚದಲ್ಲಿ ಮೂರರಿಂದ ನಾಲ್ಕು, ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಅಂಕಿ ಸರಿಹೋದ ಮೇಲೂ 45 ನಿಮಿಷ ಕಾಯಬೇಕು, ಏಕೆಂದರೆ ರಕ್ತ ಸರಿಹೋದಷ್ಟು ಬೇಗ ಮಿದುಳು ಸರಿಹೋಗುವುದಿಲ್ಲ. ಅಮೀನಗಡದ ಕರದಂಟು ಜೇಬಿನಲ್ಲಿದೆ ಸಾಕು ಎನ್ನಬೇಡಿ. ಅದರಲ್ಲಿರುವ ತುಪ್ಪ, ಒಣಹಣ್ಣು, ಅಂಟಿನಿಂದಾಗಿ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಪೇಡೆ, ಬಿಸ್ಕಿಟುಗಳೂ ಹಾಗೇ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ: ನಿಮ್ಮ ಶುಗರ್ ಗುಳಿಗೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಕೂಡಿದ್ದರೆ ಅಡುಗೆಮನೆಯ ಸಕ್ಕರೆ, ಬೆಲ್ಲ ಕೂಡ ತಕ್ಷಣಕ್ಕೆ ಒದಗುವುದಿಲ್ಲ. ಆ ಗುಳಿಗೆ ಸಕ್ಕರೆ ಒಡೆಯುವುದನ್ನೇ ಕರುಳಿನಲ್ಲಿ ತಡೆದಿರುತ್ತದೆ. ಅಂಥವರ ಡಿಕ್ಕಿಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು.

ಬಿಪಿ ಗುಳಿಗೆಗಳು ನಮ್ಮ ಬೇಸಿಗೆಯಲ್ಲಿ ಕಾಡುತ್ತವೆ. ಏಪ್ರಿಲ್, ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರಿ ನೀರಿಳಿದ ಮೈಗೆ ಟಾರ್ಸೆಮೈಡ್‌ನಂಥ ಮೂತ್ರ ಹೆಚ್ಚಿಸುವ ಗುಳಿಗೆ, ಅದರ ಮೇಲೆ ಬಿಪಿಯನ್ನೂ ಇಳಿಸುವ ಟ್ಯಾಮ್ಸುಲೋಸಿನ್ ಅಥವಾ ಪ್ರಜೋಸಿನ್ ಸೇರಿದರೆ ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬರುತ್ತದೆ. ಮನೆಯಲ್ಲಿ ಬಿಪಿ ಮಷೀನ್ ಇದ್ದರೆ ಪರೀಕ್ಷೆ ಸುಲಭ. 5 ನಿಮಿಷ ಮಲಗಿ ಒಮ್ಮೆ ನೋಡಿ. ಎದ್ದು ನಿಂತು 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ಅಂಕಿಗಳನ್ನು ಬರೆದುಕೊಂಡು ವೈದ್ಯರ ಬಳಿ ಹೋಗಿ. ಅವರು ಹೊತ್ತನ್ನೋ ಪ್ರಮಾಣವನ್ನೋ ಬದಲಿಸಿಯಾರು. ಅಲ್ಲಿಯವರೆಗೆ ಗಾಡಿ ಬೇಡ.

ಕಣ್ಣಿನ ವಿಷಯ ಎರಡೇ ಮಾತು. ತಪಾಸಣೆಗೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡ ದಿನ 4ರಿಂದ 6 ತಾಸು ಎಲ್ಲವೂ ಮಸುಕು, ಎದುರಿನ ಬೆಳಕು ಚುಚ್ಚುತ್ತದೆ. ಮರಳಿ ಕರೆದುಕೊಂಡು ಬರಲು ಜೊತೆಗೊಬ್ಬರು ಬೇಕು. ಗ್ಲಾಕೋಮಾಕ್ಕೆ ಪೈಲೋಕಾರ್ಪಿನ್ ಹಾಕುವವರ ಪಾಪೆ ಕುಗ್ಗಿರುತ್ತದೆ, ರಾತ್ರಿ ರಸ್ತೆ ಕತ್ತಲಾಗಿ ಕಾಣುತ್ತದೆ. ಟಿಮೊಲಾಲ್ ಹನಿ ರಕ್ತಕ್ಕಿಳಿದು ಎದೆಬಡಿತ ನಿಧಾನ ಮಾಡಬಲ್ಲದು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು 2 ನಿಮಿಷ ಒತ್ತಿ ಹಿಡಿದರೆ ಅದು ಕಡಿಮೆಯಾಗುತ್ತದೆ.

ಪಾರ್ಕಿನ್ಸನ್‌ಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಮುನ್ಸೂಚನೆಯೇ ಇಲ್ಲದೆ ನಿದ್ದೆಗೆ ದೂಡಬಲ್ಲವು. ಒಮ್ಮೆ ಹಾಗಾದರೂ ಗಾಡಿ ನಿಲ್ಲಿಸಿ ವೈದ್ಯರಿಗೆ ಹೇಳಬೇಕು. ತಲೆ ಗಿರ್ ಎನ್ನುವುದಕ್ಕೆ ಕೊಡುವ ಸಿನ್ನಾರಿಜಿನ್ ತಾನೇ ಮಂಪರು ತರುತ್ತದೆ. ಆಯುರ್ವೇದದ ಆಸವ, ಅರಿಷ್ಟಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ, ಶೀಸೆಯ ಮೇಲೆ ಬರೆದೂ ಇರುತ್ತಾರೆ. ನಿದ್ದೆ ಗುಳಿಗೆಯ ಜೊತೆ ಅದು ಕೂಡಬಾರದು.

ಇಷ್ಟನ್ನೂ ಓದಿ ಹೆದರಿ ಯಾರೂ ತಾವಾಗಿಯೇ ಗುಳಿಗೆ ನಿಲ್ಲಿಸಬಾರದೆಂದು ಕೈಮುಗಿದು ಕೇಳುತ್ತೇವೆ. ವರ್ಷಗಟ್ಟಲೆ ತೆಗೆದುಕೊಂಡ ಆಲ್‌ಪ್ರಾಜೋಲಾಮ್, ಕ್ಲೋನಜೆಪಾಮ್ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಅಟೆನೊಲಾಲ್ ಒಮ್ಮೆಲೇ ಬಿಟ್ಟರೆ ಎದೆನೋವು ಕೆರಳಬಹುದು. ಹತೋಟಿಯಿಲ್ಲದ ಬಿಪಿ, ಶುಗರ್ ಹೊತ್ತು ಗಾಡಿ ಹೊಡೆಯುವುದು ಗುಳಿಗೆ ನುಂಗಿ ಹೊಡೆಯುವುದಕ್ಕಿಂತ ಕೆಟ್ಟದ್ದು. ಮಾಡಬೇಕಾದದ್ದು ಇಷ್ಟು: ಹೊಸ ಗುಳಿಗೆ ಶುರುವಾದಾಗ, ಪ್ರಮಾಣ ಏರಿದಾಗ ಮೊದಲ ಒಂದು ವಾರ ಗಾಡಿಯನ್ನು ಬೇರೆಯವರ ಕೈಗೆ ಕೊಡಿ. ಆ ವಾರ ಮನೆಯವರು ನೋಡಲಿ: ಮಾತಿಗೆ ಉತ್ತರ ತಡವೇ, ನಡಿಗೆ ಓಲುತ್ತಿದೆಯೇ. ಮತ್ತೆ ಓಡಿಸತೊಡಗಿದಾಗ ಹಿಂದೆ ಕೂತವರು ನೋಡಲಿ: ಎದುರಿನ ಗಾಡಿಗೆ ದಾರಿ ಬಿಡಲು ತಡವೇ. ಓಡಿಸುವವರಿಗೆ ತಿಳಿಯುವುದಕ್ಕಿಂತ ಮೊದಲು ಪಕ್ಕದವರಿಗೆ ತಿಳಿಯುತ್ತದೆ.

ಕಾನೂನು ಏನನ್ನುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಮದ್ಯದ ಜೊತೆಗೆ, ಗಾಡಿ ಹತೋಟಿಯಲ್ಲಿಡಲಾಗದಷ್ಟು ಮಾದಕ ಔಷಧದ ಅಮಲಿನಲ್ಲಿ ಓಡಿಸುವುದನ್ನೂ ಅಪರಾಧವೆನ್ನುತ್ತದೆ. ಮೈಮನಸ್ಸು ಸರಿಯಿಲ್ಲವೆಂದು ಗೊತ್ತಿದ್ದೂ ಓಡಿಸುವುದು 186ನೇ ಕಲಂ ಅಡಿ ತಪ್ಪು. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 1,000 ರೂಪಾಯಿವರೆಗೆ ದಂಡ. 55 ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣ, ಜೊತೆಗೆ ವೈದ್ಯರ ಸಹಿಯ ನಮೂನೆ 1ಎ ಕೊಡಬೇಕು. ನಾವೇ ತುಂಬುವ ನಮೂನೆ 1ರಲ್ಲಿ ಮೂರ್ಛೆ, ತಲೆಸುತ್ತು, ಇರುಳುಗುರುಡು, 25 ಮೀಟರ್ ದೂರದ ನಂಬರ್ ಪ್ಲೇಟ್ ಎಲ್ಲ ಕೇಳುತ್ತಾರೆ. ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ ಎಂಬ ನೇರ ಪ್ರಶ್ನೆಯೊಂದೇ ಇಲ್ಲ. ಸಹಿ ಹಾಕಿಸಲು ಹೋಗುವಾಗ ಡಬ್ಬಿಯನ್ನೇ ಒಯ್ದು ವೈದ್ಯರ ಮೇಜಿನ ಮೇಲಿಡಿ. ಸಹಿ ಹಾಕುವ ವೈದ್ಯರು ಅದನ್ನು ತೆರೆದು ನೋಡಲಿ.

ಕೊನೆಗೆ ನಮ್ಮ ವೃತ್ತಿಯ ಬಗ್ಗೆ. ನಾಲ್ಕು ಗುಳಿಗೆ ಕೇಳಿದರೆ ಪಟ್ಟಿ ಕತ್ತರಿಸಿ ಕೊಡುತ್ತೇವೆ. ಹಾಗೆ ಕತ್ತರಿಸಿದ ತುಂಡಿನ ಮೇಲೆ ಹೆಸರೂ ಇರುವುದಿಲ್ಲ, ತಾರೀಖೂ ಇರುವುದಿಲ್ಲ. ಮನೆಗೆ ಹೋದ ಮೇಲೆ ಬಿಳಿ ಗುಳಿಗೆ ಯಾವುದು ನಿದ್ದೆಯದು, ಯಾವುದು ಬಿಪಿಯದು ತಿಳಿಯುವುದಿಲ್ಲ. ಹೆಸರಿರುವ ತುದಿಯನ್ನು ಗಿರಾಕಿಗೆ ಕೊಡಬೇಕು. ಆಗದಿದ್ದರೆ ಕವರಿನ ಮೇಲೆ ಪೆನ್ನಿನಲ್ಲಿ ಬರೆಯಬೇಕು. ಆಲ್‌ಪ್ರಾಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಎಚ್1 ಪಟ್ಟಿಯಲ್ಲಿ, ಅಂದರೆ ಬಿಗಿ ಹತೋಟಿಯ ಔಷಧಗಳ ಸರಕಾರಿ ಪಟ್ಟಿಯಲ್ಲಿವೆ. ಕೆಂಪು ಚೌಕಟ್ಟಿನ ಎಚ್ಚರಿಕೆ ಅವುಗಳ ಮೇಲೆ ಇದ್ದೇ ಇರುತ್ತದೆ, ಚೀಟಿ ನೋಡಿ ರಿಜಿಸ್ಟರಿನಲ್ಲಿ ಬರೆದೇ ಕೊಡಬೇಕು. ಆದರೆ ಆ ಎಚ್ಚರಿಕೆಯಲ್ಲಿ ಗಾಡಿಯ ಮಾತಿಲ್ಲ, ಇರುವುದೂ ಇಂಗ್ಲಿಷಿನಲ್ಲಿ. ಫ್ರಾನ್ಸಿನಲ್ಲಿ ಔಷಧದ ಡಬ್ಬಿಯ ಮೇಲೆ ತ್ರಿಕೋನದೊಳಗೆ ಕಾರಿನ ಚಿತ್ರ ಅಚ್ಚು ಹಾಕುತ್ತಾರೆ: ಹಳದಿ ಎಂದರೆ ಜೋಕೆ, ಕಿತ್ತಳೆ ಎಂದರೆ ವೈದ್ಯರನ್ನು ಕೇಳದೆ ಬೇಡ, ಕೆಂಪು ಎಂದರೆ ಓಡಿಸಲೇಬೇಡಿ. ಓದು ಬಾರದವರಿಗೂ ಅದು ತಿಳಿಯುತ್ತದೆ.

ನಮ್ಮಲ್ಲಿ ಅಂಥ ನಿಯಮ ಬರುವವರೆಗೆ ಕಾಯಬೇಕಿಲ್ಲ. ಒಂದು ರಬ್ಬರ್ ಸ್ಟ್ಯಾಂಪು, ಒಂದು ಕೆಂಪು ಶಾಯಿ ಪ್ಯಾಡು ಸಾಕು. ಮೂರೂ ಜಿಲ್ಲೆಗಳ ಔಷಧ ವ್ಯಾಪಾರಿಗಳು ಇದನ್ನು ಮಾಡಿಸಿಕೊಳ್ಳಬೇಕೆಂದೂ, ಬೆಳಗಾವಿಯ ಗಡಿ ಊರುಗಳಲ್ಲಿ ಮರಾಠಿಯಲ್ಲೂ, ವಿಜಯಪುರದಲ್ಲಿ ಉರ್ದುವಿನಲ್ಲೂ ಹಾಕಬೇಕೆಂದೂ ವಿನಂತಿ. ತಿಂಗಳ ಗುಳಿಗೆ ಕೊಡುವ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಬಳಸಬಹುದು. ಗುಳಿಗೆ ಕೈಗಿಡುವ ಮುನ್ನ ‘ಗಾಡಿ ಹೊಡೀತೀರೇನ್ರಿ?’ ಎಂದು ಕೇಳಿ, ಹೌದೆಂದರೆ ಕವರಿನ ಮೇಲೆ ಒತ್ತಬೇಕಾದ ಮಾತು ಇದು:

‘ಈ ಗುಳಿಗೆ ತಗೊಂಡು ____ ತಾಸು ಗಾಡಿ ಹೊಡೀಬ್ಯಾಡ್ರಿ. ಬೇರೆ ನಿದ್ದೆ ಗುಳಿಗೆ, ನೆಗಡಿ ಗುಳಿಗೆ, ಸೆರೆ ಇದರ ಕೂಡ ಬ್ಯಾಡ. ಡಾಕ್ಟರನ್ನ ಕೇಳದ ಗುಳಿಗೆ ಬಿಡಬ್ಯಾಡ್ರಿ.’

ಖಾಲಿ ಜಾಗದಲ್ಲಿ ತಾಸು ತುಂಬುವ ಕೆಲಸ ನಮ್ಮದು.

ಇತಿ,
ಔಷಧ ವಿತರಕರು, ನವನಗರ, ಬಾಗಲಕೋಟೆ